ಫ್ರಿಜ್ ಬಾಗಿಲು ಬಿಚ್ಚೋದು, ಮತ್ತೆ ಹಾಕೋದು: ಮನೆ ಬದಲಿಸುವವರಿಗೆ ಒಂದು ಪಾಠ

ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ನಮ್ಮ ಕಾಲೇಜಿನ ಹಿಂದಿನ ಗೇಟಿನ ಬೀದಿ ನೋಡಬೇಕು. ಒಂದು ಮನೆಯಿಂದ ಹಾಸಿಗೆ ಹೊರಗೆ ಬರ್ತಿರುತ್ತೆ, ಇನ್ನೊಂದು ಮನೆಯೊಳಗೆ ಗ್ಯಾಸ್ ಸ್ಟವ್ ಹೋಗ್ತಿರುತ್ತೆ, ನಡುವೆ ಲಗೇಜ್ ಆಟೊ ಅಡ್ಡ ನಿಂತು ಹಾರ್ನ್ ಹೊಡೀತಿರುತ್ತೆ. ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿದವರಿಗೆಲ್ಲ ಇದು ಗೊತ್ತಿರುವ ದೃಶ್ಯ. ಮಂಚ ಬಿಚ್ಚೋಕೆ ಎಲ್ಲರಿಗೂ ಬರುತ್ತೆ, ಫ್ಯಾನ್ ಇಳಿಸೋಕೆ ಎಲೆಕ್ಟ್ರಿಕಲ್‌ನವನೊಬ್ಬ ಸಿಕ್ಕೇ ಸಿಗ್ತಾನೆ. ಫ್ರಿಜ್ ಹತ್ತಿರ ಬಂದಾಗ ಮಾತ್ರ ಎಲ್ಲರೂ ಒಂದು ಹೆಜ್ಜೆ ಹಿಂದೆ.

ಕಳೆದ ವರ್ಷ ನಾವು ಐದು ಜನ ಮನೆ ಬದಲಿಸಿದೆವು. ನಮ್ಮದು ಸೀನಿಯರ್‌ಗಳಿಂದ ಚಂದಾ ಎತ್ತಿ ಕೊಂಡ ಸೆಕೆಂಡ್ ಹ್ಯಾಂಡ್ ಫ್ರಿಜ್. ಸುಮಾರು 250 ಲೀಟರಿನದು, ಎರಡು ಬಾಗಿಲು, ಮೇಲೆ ಫ್ರೀಜರ್, ಫ್ರಾಸ್ಟ್-ಫ್ರೀ. ಹೊಸ ಮನೆಯ ಅಡುಗೆಮನೆಗೆ ಅದು ಹೋಗಲಿಲ್ಲ. ಬಾಗಿಲು ಬಿಚ್ಚಿದೆವು, ಒಳಗೆ ಸಾಗಿಸಿದೆವು, ಮತ್ತೆ ಹಾಕಿದೆವು, ಟೀ ಕುಡಿದೆವು. ಹತ್ತು ದಿನದಲ್ಲಿ ಕೆಳಗಿನ ಭಾಗದ ತಾಪ 11 ಡಿಗ್ರಿಗೆ ಏರಿತ್ತು. ಹಾಲು ಒಡೆದರೆ ಮೊಸರು ಮಾಡ್ಕೋಬಹುದು, ಬಿಡಿ. ಆದರೆ ನಮ್ಮಲ್ಲೊಬ್ಬನಿಗೆ ಚಿಕ್ಕಂದಿನಿಂದ ಟೈಪ್ 1 ಡಯಾಬಿಟೀಸ್ ಇದೆ. ಅವನ ತಿಂಗಳ ಇನ್ಸುಲಿನ್ ಇದ್ದದ್ದು ಆ ಫ್ರಿಜ್‌ನಲ್ಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೆ ಇರಬೇಕು. ಈ ಲೇಖನ ಬರೀರಿ ಅಂತ ಹೇಳಿದವನೂ ಅವನೇ, ಆಗ ಥರ್ಮಾಮೀಟರ್ ಇಟ್ಟು ನೋಡಿದವನೂ ಅವನೇ.

ಆ ಹತ್ತು ದಿನದಲ್ಲಿ ಏನು ತಪ್ಪಾಯಿತು ಅನ್ನೋದನ್ನ ಹುಡುಕುತ್ತಾ ಹೋದಾಗ ಗೊತ್ತಾಗಿದ್ದೇ ಈ ಪಾಠ. ಹಿಂಜ್‌ಗೆ ಇಲ್ಲಿ ಕೀಲು ಅಂತಲೇ ಬರೆಯುತ್ತೇವೆ, ನಿಮ್ಮ ಅಜ್ಜನಿಗೂ ಅರ್ಥವಾಗಲಿ.

ಮೊದಲು ಟೇಪ್ ಹಿಡಿದು ಅಳೆಯಿರಿ

ಬಾಗಿಲು ಬಿಚ್ಚಲೇಬೇಕಾ? ಎಷ್ಟೋ ಸಲ ಬೇಕಿಲ್ಲ. ಒಂದೇ ಬಾಗಿಲಿನ 180-190 ಲೀಟರಿನ ಫ್ರಿಜ್ ನಮ್ಮ ಕಡೆಯ ಬಹುತೇಕ ಮನೆಗಳಿಗೆ ಹಾಗೇ ಹೋಗುತ್ತೆ. ಸುಮ್ಮನೆ ಬಿಚ್ಚಿದರೆ ಸುಮ್ಮನೆ ಕೆಲಸ.

ನಮ್ಮ ಫ್ರಿಜ್‌ನ ಅಗಲ 56 ಸೆಂ.ಮೀ., ಹಿಡಿಕೆ ಸೇರಿ ಆಳ 67 ಸೆಂ.ಮೀ. ಹೊಸ ಮನೆಯಲ್ಲಿ ಮುಂಬಾಗಿಲು ದಾಟಿದರೆ 85 ಸೆಂ.ಮೀ. ಅಗಲದ ಓಣಿಯಂಥ ಪ್ಯಾಸೇಜು, ಅದರ ಪಕ್ಕಕ್ಕೆ ಅಡುಗೆಮನೆ ಬಾಗಿಲು, ಅಲ್ಲಿ ಸಿಗುವ ಜಾಗ 64 ಸೆಂ.ಮೀ. ಫ್ರಿಜ್ ಪ್ಯಾಸೇಜಿನಲ್ಲಿ ನೇರ ಬರುತ್ತೆ. ಆದರೆ ತಿರುಗಿಸದೆ ಪಕ್ಕಕ್ಕೆ ತಳ್ಳಿದರೆ ಅಡುಗೆಮನೆ ಬಾಗಿಲಿಗೆ ಎದುರಾಗೋದು 67 ಸೆಂ.ಮೀ. ಆಳ. ಆಗಲ್ಲ. ಸರಿ, ನಿಂತ ಜಾಗದಲ್ಲೇ ತಿರುಗಿಸಿ ಅಗಲದ ಕಡೆಯಿಂದ ನುಗ್ಗಿಸೋಣ ಅಂದ್ರೆ, ತಿರುಗೋಕೆ ಬೇಕಾಗೋದು ಕರ್ಣದಷ್ಟು ಜಾಗ. 56ರ ವರ್ಗ, 67ರ ವರ್ಗ ಕೂಡಿ ಮೂಲ ತೆಗೆದರೆ 87.3. ಪ್ಯಾಸೇಜು 85. ಅದೂ ಆಗಲ್ಲ. ಬಾಗಿಲು ತೆಗೆದರೆ ಪೆಟ್ಟಿಗೆಯ ಆಳ 60 ಸೆಂ.ಮೀ. ಆಗುತ್ತೆ; ಕರ್ಣ 82.1. ತಿರುಗುತ್ತೆ, ನೇರವಾಗಿಯೂ ಹೋಗುತ್ತೆ. ಪೈಥಾಗೊರಸ್ ಹೈಸ್ಕೂಲಿನ ನಂತರ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಇಲ್ಲೊಂದು ವಿಷಯ. ಅಡುಗೆಮನೆಯ ಮರದ ಬಾಗಿಲನ್ನೇ ಬಿಚ್ಚಿದ್ದರೆ ಅದರ ದಪ್ಪ ಮೂರೂವರೆ ಸೆಂ.ಮೀ. ಸೇರಿ 67.5 ಸಿಗುತ್ತಿತ್ತು, ಅರ್ಧ ಸೆಂ.ಮೀ. ಉಳೀತಿತ್ತು. ಹೊಸ ಕಟ್ಟಡವಾದರೆ ಮೊದಲು ಅದನ್ನೇ ಯೋಚಿಸಿ. ಮನೆಯ ಬಾಗಿಲಿಗೆ ಗ್ಯಾಸ್ಕೆಟ್ ಇಲ್ಲ, ವೈರ್ ಇಲ್ಲ. ನಮ್ಮ ಮನೆಯಲ್ಲಿ ಸ್ಕ್ರೂಗಳ ಮೇಲೆ ನಾಲ್ಕು ಪದರ ಪೇಂಟು ಕೂತಿತ್ತು. ಓನರ್ ಆಂಟಿ ಬೇರೆ ಬಾಗಿಲ ಬಳಿಯೇ ಕುರ್ಚಿ ಹಾಕ್ಕೊಂಡು ಕೂತಿದ್ದರು. ಹಾಗಾಗಿ ಫ್ರಿಜ್‌ನದೇ ಬಿಚ್ಚಿದೆವು.

ಎರಡು ಬಾಗಿಲು, ಮೂರು ಕೀಲು

ಮೇಲೆ ಫ್ರೀಜರ್ ಇರುವ ಎರಡು ಬಾಗಿಲಿನ ಫ್ರಿಜ್‌ನಲ್ಲಿ ಕೀಲು ಮೂರು. ಮೇಲಿನದು ಫ್ರೀಜರ್ ಬಾಗಿಲಿನ ತಲೆ ಹಿಡಿಯುತ್ತೆ. ನಡುವಿನದರಲ್ಲಿ ಮೇಲಕ್ಕೊಂದು ಪಿನ್, ಕೆಳಕ್ಕೊಂದು ಪಿನ್. ಮೇಲಿನ ಪಿನ್ ಮೇಲೆ ಫ್ರೀಜರ್ ಬಾಗಿಲು ಕೂತಿರುತ್ತೆ, ಕೆಳಗಿನ ಪಿನ್ ದೊಡ್ಡ ಬಾಗಿಲಿನ ತಲೆ ಹಿಡಿದಿರುತ್ತೆ. ಕೆಳಗಿನ ಕೀಲು ದೊಡ್ಡ ಬಾಗಿಲಿನ ಪೂರ್ತಿ ಭಾರ ಹೊರುತ್ತೆ.

ಮೊದಲ ವರ್ಷದ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ. ಬಾಗಿಲಿನ ಭಾರ ಅದರ ನಡುವಿನಲ್ಲಿ ಕೆಳಕ್ಕೆ ಎಳೆಯುತ್ತೆ, ಕೀಲು ಇರೋದು ಒಂದು ಅಂಚಿನಲ್ಲಿ. ದೊಡ್ಡ ಬಾಗಿಲು, ಅದರ ಬಾಟಲಿ ಎಲ್ಲ ಸೇರಿ 15 ಕೆ.ಜಿ. ಅಂದುಕೊಳ್ಳಿ, ಅಂದರೆ 147 ನ್ಯೂಟನ್. ಬಾಗಿಲಿನ ಅಗಲ 55 ಸೆಂ.ಮೀ., ಅರ್ಧ 27.5. ಮೊಮೆಂಟ್ ಸುಮಾರು 40 ನ್ಯೂಟನ್ ಮೀಟರ್. ಬಾಗಿಲಿನ ಎತ್ತರ 1 ಮೀಟರ್ ಆದ್ದರಿಂದ ಮೇಲಿನ ಪಿನ್ ಮೇಲೆ ಅಡ್ಡ ಎಳೆತ 40 ನ್ಯೂಟನ್. ಈಗ ಫ್ರೀಜರ್ ಬಾಗಿಲು ನೋಡಿ. ಭಾರ ಐದೇ ಕೆ.ಜಿ., ಅಂದರೆ 49 ನ್ಯೂಟನ್, ಮೊಮೆಂಟ್ 13.5. ಆದರೆ ಎತ್ತರ ಬರೀ 45 ಸೆಂ.ಮೀ. ಅಡ್ಡ ಎಳೆತ 30 ನ್ಯೂಟನ್! ಭಾರ ಮೂರನೇ ಒಂದು ಭಾಗ, ಎಳೆತ ಮಾತ್ರ ಮುಕ್ಕಾಲು ಭಾಗ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೀಲಿನ ತಗಡಿನಲ್ಲಿ ಬೋಲ್ಟಿನ ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದು. ಹೊಂದಿಸೋಕೆ ಅಂತಲೇ ಹಾಗೆ ಬಿಟ್ಟಿರ್ತಾರೆ. ಮೇಲಿನ ಕೀಲು 1 ಮಿ.ಮೀ. ಹಿಡಿಕೆಯ ಕಡೆ ಸರಿದು ಕೂತಿತು ಅಂತಿಟ್ಟುಕೊಳ್ಳಿ. ದೊಡ್ಡ ಬಾಗಿಲಾದರೆ ಹಿಡಿಕೆಯ ಮೂಲೆ ಅರ್ಧ ಮಿ.ಮೀ.ಗಿಂತ ಚೂರು ಹೆಚ್ಚು ಇಳಿಯುತ್ತೆ. ಫ್ರೀಜರ್ ಬಾಗಿಲಾದರೆ 55 ಭಾಗ 45, ಅಂದರೆ 1.2 ಮಿ.ಮೀ. ಇಳಿಯುತ್ತೆ. ನಾವೆಲ್ಲ ದೊಡ್ಡ ಬಾಗಿಲಿಗೆ ಹೆದರಿ ಅದನ್ನ ಇಬ್ಬರು ಹಿಡಿದು, ಕಣ್ಣು ಕಿರಿದು ಮಾಡಿ ಹೊಂದಿಸಿದೆವು. ಗಿಡ್ಡ ಬಾಗಿಲನ್ನ ‘ಇದೇನು ಮಹಾ’ ಅಂತ ತಟ್ಟನೆ ಸಿಕ್ಕಿಸಿ ಬೋಲ್ಟ್ ಬಿಗಿದೆವು. ತಪ್ಪಾಗಿದ್ದು ಅಲ್ಲೇ.

ತಪ್ಪಿನ ದಾರಿ

ನಡುವಿನ ಕೀಲಿನ ಮೇಲಿನ ಪಿನ್ನಿಗೆ ಒಂದು ಬಿಳಿ ಪ್ಲಾಸ್ಟಿಕ್ ವಾಷರ್ ಇತ್ತು, ಒಂದೂವರೆ ಮಿ.ಮೀ. ದಪ್ಪದ್ದು. ಬಿಚ್ಚುವಾಗ ಅದು ಫ್ರೀಜರ್ ಬಾಗಿಲಿನ ತೂತಿಗೆ ಅಂಟಿಕೊಂಡು ಬಂದು ಎಲ್ಲೋ ಬಿದ್ದಿದೆ. ಯಾರೂ ನೋಡಿಲ್ಲ. ವಾಷರ್ ಇಲ್ಲದ್ದಕ್ಕೆ ಇಡೀ ಬಾಗಿಲು ಒಂದೂವರೆ ಮಿ.ಮೀ. ಇಳಿಯಿತು, ಮೇಲಿನ ಕೀಲು ಸರಿದು ಕೂತದ್ದಕ್ಕೆ ಹಿಡಿಕೆಯ ಮೂಲೆ ಇನ್ನೊಂದಿಷ್ಟು ಇಳಿಯಿತು. ಒಟ್ಟು ಸುಮಾರು ಮೂರು ಮಿ.ಮೀ. ಆ ಮೂಲೆ ಕೆಳಗಿನ ಬಾಗಿಲಿನ ತಲೆಗೆ ಉಜ್ಜುತ್ತಿತ್ತು. ಮುಚ್ಚಿದಾಗ ‘ಟಪ್’ ಅನ್ನೋ ಸದ್ದು ಬರ್ತಿತ್ತಾದ್ದರಿಂದ ಮುಚ್ಚಿದೆ ಅಂದುಕೊಂಡೆವು. ಮೇಲಿನ ಮೂಲೆಯಲ್ಲಿ ಗ್ಯಾಸ್ಕೆಟ್ ಪೆಟ್ಟಿಗೆಗೆ ಅಂಟುತ್ತಲೇ ಇರಲಿಲ್ಲ.

ಫ್ರೀಜರ್ ಬಾಗಿಲು ಸರಿಯಿಲ್ಲದಿದ್ದರೆ ಕೆಳಗಿನ ಭಾಗ ಯಾಕೆ ಬಿಸಿಯಾಗಬೇಕು? ಈ ಬಗೆಯ ಬಹಳಷ್ಟು ಫ್ರಾಸ್ಟ್-ಫ್ರೀ ಫ್ರಿಜ್‌ಗಳಲ್ಲಿ ತಂಪು ಹುಟ್ಟುವ ಜಾಗ ಒಂದೇ. ಫ್ರೀಜರ್‌ನ ಹಿಂದಿನ ಗೋಡೆಯೊಳಗೆ ಎವಾಪೊರೇಟರ್ ಸುರುಳಿ, ಅದರ ಮೇಲೊಂದು ಚಿಕ್ಕ ಫ್ಯಾನ್. ಕೆಳಕ್ಕೆ ಹೋಗೋದು ಅದೇ ಗಾಳಿಯ ಒಂದು ಪಾಲು. ಸಂದಿಯಿಂದ ತೇವದ ಗಾಳಿ ಒಳಗೆ ನುಗ್ಗಿದರೆ ಆ ತೇವ ಸುರುಳಿಯ ರೆಕ್ಕೆಗಳ ಮೇಲೆ ಹಿಮವಾಗಿ ಕೂರುತ್ತೆ. ಫ್ರಿಜ್ ಆಗಾಗ ಹೀಟರ್ ಹಚ್ಚಿ ಕರಗಿಸಿಕೊಳ್ಳುತ್ತಾದರೂ ದಿನವಿಡೀ ಬರುವ ತೇವಕ್ಕೆ ಅದು ಸಾಕಾಗಲ್ಲ. ರೆಕ್ಕೆಗಳ ನಡುವೆ ಹಿಮ ತುಂಬಿದ ಮೇಲೆ ಗಾಳಿ ಓಡಾಡಲ್ಲ. ಫ್ರೀಜರ್‌ನಲ್ಲಿ ಐಸ್ ಇದ್ದೇ ಇರುತ್ತೆ, ಕೆಳಗೆ ಮಾತ್ರ ದಿನದಿನಕ್ಕೆ ತಾಪ ಏರುತ್ತೆ. ಕಂಪ್ರೆಸರ್ ನಿಲ್ಲದೆ ಓಡುತ್ತಿತ್ತು, ನಾವು ‘ಹಳೇ ಫ್ರಿಜ್, ಗ್ಯಾಸ್ ಕಮ್ಮಿಯಾಗಿರಬೇಕು’ ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು. ಕಂಡುಹಿಡಿದದ್ದು ರಾತ್ರಿ ಲೈಟ್ ಆರಿಸಿ, ಫೋನಿನ ಟಾರ್ಚ್ ಹಚ್ಚಿ ಫ್ರೀಜರ್ ಒಳಗಿಟ್ಟು ಬಾಗಿಲು ಮುಚ್ಚಿದಾಗ. ಮೇಲಿನ ಮೂಲೆಯಲ್ಲಿ ಬೆಳಕಿನ ಗೆರೆ ಕಾಣಿಸಿತು.

ಆ ರಾತ್ರಿ ಇನ್ಸುಲಿನ್ ಪಕ್ಕದ ಮನೆಯ ಫ್ರಿಜ್‌ಗೆ ಹೋಯಿತು. ಇದು ಗೊತ್ತಿರಲಿ: ಸಾಗಿಸುವಾಗ ಇನ್ಸುಲಿನ್‌ನ ಐಸ್‌ಗೆ ತಾಗಿಸಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನ ಬಳಸೋ ಹಾಗಿಲ್ಲ. ಬಟ್ಟೆ ಸುತ್ತಿ, ಐಸ್ ಪ್ಯಾಕಿನಿಂದ ದೂರ ಇಡಬೇಕು. ಬಳಕೆಯಲ್ಲಿರುವ ಪೆನ್ನು ಸಾಮಾನ್ಯವಾಗಿ ಕೆಲವು ವಾರ ಹೊರಗೆ ಇರಬಹುದು, ಎಷ್ಟು ದಿನ, ಎಷ್ಟು ತಾಪ ಅನ್ನೋದು ಪೊಟ್ಟಣದೊಳಗಿನ ಚೀಟಿಯಲ್ಲಿರುತ್ತೆ. ಫ್ರಿಜ್ ಇಲ್ಲದ ದಿನ ನೀರು ಜಿನುಗುವ ಮಣ್ಣಿನ ಮಡಕೆಯೂ ಉಪಯೋಗಕ್ಕೆ ಬರುತ್ತೆ. 11 ಡಿಗ್ರಿ ಕಂಡ ಪೊಟ್ಟಣಗಳ ಬಗ್ಗೆ ಅವನು ಡಾಕ್ಟರನ್ನ ಕೇಳಿಕೊಂಡ, ನಾವು ಊಹೆ ಮಾಡಲಿಲ್ಲ.

ಡ್ರಿಲ್ ಕೆಳಗಿಡಿ

ಮತ್ತೆ ಬಿಚ್ಚಿ ಸರಿ ಮಾಡೋಕೆ ಕೂತಾಗ ಮೇಲಿನ ಕೀಲಿನ ಒಂದು ಬೋಲ್ಟಿನ ಮರೆ ಸವೆದಿರೋದು ಕಂಡಿತು. ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಮೆಕ್ಯಾನಿಕಲ್‌ನ ಗೆಳೆಯನೊಬ್ಬ ಡ್ರಿಲ್ ತಂದ. ‘ಪಕ್ಕದಲ್ಲೇ ಇನ್ನೊಂದು ತೂತು ಹೊಡೆದುಬಿಡೋಣ ಗುರು, ಎರಡು ನಿಮಿಷದ ಕೆಲಸ’ ಅಂದ. ಬಿಟ್ ಹಾಕಿ ಆಗಿತ್ತು.

ಫ್ರಿಜ್ ಹಿಂದಿನ ಪಟ್ಟಿ ಓದಿದವನು ನಮ್ಮ ಕೆಮಿಕಲ್‌ನವನು. ಅದರಲ್ಲಿ ಆರ್ 600ಎ ಅಂತಿತ್ತು. ಅಂದರೆ ಐಸೊಬ್ಯುಟೇನ್. ನಮ್ಮ ಅಡುಗೆ ಸಿಲಿಂಡರಿನಲ್ಲಿರುವ ಪ್ರೊಪೇನ್-ಬ್ಯುಟೇನ್‌ನ ಹತ್ತಿರದ ಸಂಬಂಧಿ. ಫ್ರಿಜ್‌ನಲ್ಲಿ ಅದು ಇರೋದು ಕೆಲವೇ ಹತ್ತು ಗ್ರಾಂ, ಓಜೋನ್‌ಗೂ ಅದರಿಂದ ತೊಂದರೆಯಿಲ್ಲ. ಕೊಳವೆಯೊಳಗೆ ಇರುವ ತನಕ ಏನೂ ಭಯವಿಲ್ಲ. ಆದರೆ ಆ ಕೊಳವೆ ಎಲ್ಲಿದೆ? ಹಳೆಯ ಫ್ರಿಜ್‌ಗಳ ಹಿಂದೆ ಕಪ್ಪು ಜಾಲರಿ ಕಾಣುತ್ತಿತ್ತಲ್ಲ, ಅದು ಕಂಡೆನ್ಸರ್. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಅದು ಪಕ್ಕದ ತಗಡಿನ ಒಳಗೇ ಅಂಟಿಕೊಂಡಿರುತ್ತೆ, ಫೋಮ್‌ನಲ್ಲಿ ಹುದುಗಿರುತ್ತೆ. ಅಷ್ಟೇ ಅಲ್ಲ, ಅದೇ ಬಿಸಿ ಕೊಳವೆಯ ಒಂದು ಸುತ್ತನ್ನ ಫ್ರೀಜರ್ ಬಾಯಿಯ ಚೌಕಟ್ಟಿನ ಒಳಗೂ ಓಡಿಸಿರುತ್ತಾರೆ. ಚೌಕಟ್ಟು ತಣ್ಣಗಾಗಿ ಅದರ ಮೇಲೆ ನೀರಹನಿ ಕೂರದಿರಲಿ ಅಂತ. ಫ್ರೀಜರ್ ಬಾಗಿಲು ತೆಗೆದು ಎರಡು ಬಾಗಿಲ ನಡುವಿನ ಪಟ್ಟಿಯನ್ನ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಅಂದರೆ ಕೀಲುಗಳಿರುವ ಆ ಅಂಚಿನಲ್ಲೇ, ತಗಡಿನ ಹಿಂದೆ, ಒತ್ತಡದಲ್ಲಿರುವ ಉರಿಯುವ ಅನಿಲದ ಕೊಳವೆ. ಅಲ್ಲಿಗೆ ಡ್ರಿಲ್. ಹೊರಗೆ ಕಾಣೋದು ಬರೀ ಬಿಳಿ ತಗಡು.

ಡ್ರಿಲ್ ವಾಪಸ್ ಪೆಟ್ಟಿಗೆಗೆ ಹೋಯಿತು. ತೂತಿನ ಮರೆ ಸರಿಯಾಗಿಯೇ ಇತ್ತು, ಸವೆದದ್ದು ಬೋಲ್ಟು. ಅದನ್ನ ಹಾರ್ಡ್‌ವೇರ್ ಅಂಗಡಿಗೆ ಒಯ್ದು ತೋರಿಸಿ ಅದೇ ಅಳತೆಯ, ಅದೇ ಉದ್ದದ ಹೊಸದು ತಂದೆವು. ಉದ್ದವೂ ಅದೇ ಇರಬೇಕು. ಉದ್ದ ಹೆಚ್ಚಾದ ಬೋಲ್ಟು ಡ್ರಿಲ್‌ನ ಕೆಲಸವನ್ನೇ ನಿಧಾನಕ್ಕೆ ಮಾಡುತ್ತೆ. ತೂತಿನ ಮರೆಯೇ ಹೋಗಿದ್ದರೆ ಕಂಪನಿಯ ಮೆಕ್ಯಾನಿಕ್‌ನ ಕರೆಯಿರಿ, ಅಲ್ಲಿ ನಮ್ಮ ಜಾಣತನ ಬೇಡ.

ಈಗ ಬಿಚ್ಚೋಣ

ಹಿಂದಿನ ರಾತ್ರಿಯೇ ಪ್ಲಗ್ ತೆಗೆದು ಫ್ರಿಜ್ ಖಾಲಿ ಮಾಡಿ, ಬಾಗಿಲು ತೆರೆದಿಡಿ. ಐಸ್ ಕರಗಿ ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ನೀರು ಬಂದಿರುತ್ತೆ, ಅದನ್ನ ಚೆಲ್ಲಿ. ಮರೆತರೆ ಆ ನೀರು ಹಿಂದೆ ಹಿಡಿದವನ ಪ್ಯಾಂಟಿಗೆ. ಬಾಗಿಲಿನ ಬಾಟಲಿ ತಟ್ಟೆ, ಮೊಟ್ಟೆ ತಟ್ಟೆ ಎಲ್ಲ ತೆಗೆದಿಡಿ.

ಬೇಕಾಗೋದು ಸ್ಟಾರ್ ಸ್ಕ್ರೂ ಡ್ರೈವರ್, ಸ್ಪ್ಯಾನರ್ ಅಥವಾ ಸಾಕೆಟ್ ಸೆಟ್, ಕೆಲವಕ್ಕೆ ಅಲೆನ್ ಕೀ, ಮಾಸ್ಕಿಂಗ್ ಟೇಪ್, ಪೆನ್ಸಿಲ್, ಮೂರು ಪ್ಲಾಸ್ಟಿಕ್ ಕವರ್. ಕವರ್ ಮೇಲೆ ‘ಮೇಲೆ’, ‘ನಡು’, ‘ಕೆಳಗೆ’ ಅಂತ ಬರೆಯಿರಿ. ಒಂದು ಕೀಲಿನ ಬೋಲ್ಟು, ವಾಷರ್, ಬುಶ್ ಎಲ್ಲ ಅದರದೇ ಕವರಿಗೆ. ನಮ್ಮ ಬಿಳಿ ವಾಷರ್ ಆಮೇಲೆ ಹಳೇ ಮನೆಯ ಕಸದ ಪೊರಕೆಯಲ್ಲಿ ಸಿಕ್ಕಿತು ಅಂತ ಇಲ್ಲಿ ಹೇಳಿಬಿಡೋಣ.

ಬಿಚ್ಚೋದು ಮೇಲಿಂದ ಕೆಳಕ್ಕೆ. ಮೊದಲು ಎರಡೂ ಬಾಗಿಲು ಮುಚ್ಚಿ, ಪೆಟ್ಟಿಗೆಗೆ ಸೇರಿಸಿ ಟೇಪ್ ಹಚ್ಚಿ. ಮೇಲಿನ ಕೀಲು ತೆಗೆದ ಕ್ಷಣ ಫ್ರೀಜರ್ ಬಾಗಿಲು ಬರೀ ಕೆಳಗಿನ ಒಂದು ಪಿನ್ ಮೇಲೆ ನಿಂತಿರುತ್ತೆ; ಗ್ಯಾಸ್ಕೆಟ್‌ನ ಅಯಸ್ಕಾಂತ ಹಿಡಿದಿರುತ್ತೆ ನಿಜ, ಅದನ್ನ ನಂಬಬೇಡಿ. ಟೇಪ್ ಹಚ್ಚಿದ ಮೇಲೂ ಒಬ್ಬ ಬಾಗಿಲ ಮೇಲಿಂದ ಕೈ ತೆಗೆಯಬಾರದು.

ಮೇಲಿನ ಕೀಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿ. ಬಾಗಿಲಲ್ಲಿ ಡಿಸ್ಪ್ಲೇ ಅಥವಾ ಬಟನ್‌ಗಳಿರುವ ಮಾದರಿಯಾದರೆ ಅಲ್ಲಿ ಬಾಗಿಲೊಳಗೆ ಹೋಗುವ ವೈರುಗಳ ಕನೆಕ್ಟರ್ ಇರುತ್ತೆ. ಅದರ ಪಕ್ಕದ ಚಿಕ್ಕ ನಾಲಿಗೆಯನ್ನ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೀಬೇಡಿ, ಕನೆಕ್ಟರ್ ಹಿಡಿದೇ ಎಳೆಯಿರಿ. ಕೆಲವು ಮಾದರಿಗಳಲ್ಲಿ ಕೀಲಿನ ಸ್ಕ್ರೂಗೆ ಹಸಿರು-ಹಳದಿ ಅರ್ತ್ ವೈರ್ ಕಟ್ಟಿರುತ್ತೆ. ವಾಪಸ್ ಹಾಕುವಾಗ ಅದು ‘ಉಳಿದು ಹೋದ ವೈರ್’ ಆಗಬಾರದು. ಅದಿಲ್ಲದೆಯೂ ಫ್ರಿಜ್ ಓಡುತ್ತೆ. ಒದ್ದೆ ಕಾಲಲ್ಲಿ ಬಾಗಿಲು ಮುಟ್ಟಿದ ದಿನ ಗೊತ್ತಾಗುತ್ತೆ.

ಬೋಲ್ಟ್ ತಿರುಗಿಸೋ ಮುಂಚೆ ಪೆನ್ಸಿಲ್ ತಗೊಂಡು ಕೀಲಿನ ತಗಡಿನ ಸುತ್ತ ಪೆಟ್ಟಿಗೆಯ ಮೇಲೆ ಗೆರೆ ಎಳೆಯಿರಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡೋದಾದರೆ ಇದನ್ನ ಇಟ್ಟುಕೊಳ್ಳಿ. ಈ ಗೆರೆ ಇದ್ದಿದ್ದರೆ ಮೇಲಿನ ಕೀಲು ಮೊದಲಿನ ಜಾಗಕ್ಕೇ ಕೂರುತ್ತಿತ್ತು. ಫೋನಿನಲ್ಲಿ ಹತ್ತಿರದಿಂದ ಒಂದು ಫೋಟೊ, ದೂರದಿಂದ ಒಂದು. ದೂರದ ಫೋಟೊದಲ್ಲಿ ಎರಡು ಬಾಗಿಲ ನಡುವಿನ ಸಂದಿ ಹೇಗಿತ್ತು ಅಂತ ಕಾಣಬೇಕು.

ಆಮೇಲಿನದು ಸುಲಭ. ಮೇಲಿನ ಕೀಲು ತೆಗೆದು, ಟೇಪ್ ಬಿಡಿಸಿ, ಫ್ರೀಜರ್ ಬಾಗಿಲನ್ನ ನೇರ ಮೇಲಕ್ಕೆ ಎತ್ತಿ. ಎತ್ತಿದ ತಕ್ಷಣ ಪಿನ್ ಮೇಲೂ, ಬಾಗಿಲಿನ ತೂತಿನಲ್ಲೂ ವಾಷರ್ ಇದೆಯಾ ನೋಡಿ. ನಡುವಿನ ಕೀಲಿನ ಬೋಲ್ಟ್ ತೆಗೆಯುವಾಗ ದೊಡ್ಡ ಬಾಗಿಲನ್ನ ಒಬ್ಬ ಅಪ್ಪಿ ಹಿಡಿದಿರಬೇಕು. ಕೆಳಗಿನ ಪಿನ್ನಿನಿಂದ ಅದನ್ನೂ ಮೇಲಕ್ಕೆತ್ತಿ. ಕೆಳಗಿನ ಕೀಲು ಮುಂದಕ್ಕೆ ಚಾಚಿಕೊಂಡಿದ್ದು ದಾರಿಗೆ ಅಡ್ಡ ಬಂದರೆ ಅದನ್ನೂ ಬಿಚ್ಚಿ. ನಮ್ಮದು ಮೂರು ಸೆಂ.ಮೀ. ಚಾಚಿತ್ತು; 60 ಸೆಂ.ಮೀ. ಪೆಟ್ಟಿಗೆ 63 ಆಯಿತು, ಬಾಗಿಲು 64. ಹೋಯಿತು, ಒಂದು ಕಡೆಯ ಪೇಂಟ್ ಕಿತ್ತುಕೊಂಡು.

ಬಾಗಿಲುಗಳನ್ನ ಗೋಡೆಗೆ ಒರಗಿಸಬೇಡಿ, ಜಾರುತ್ತವೆ. ಕಂಬಳಿ ಹಾಸಿ, ಹೊರಮೈ ಕೆಳಗೆ, ಗ್ಯಾಸ್ಕೆಟ್ ಮೇಲೆ ಬರುವ ಹಾಗೆ ಮಲಗಿಸಿ. ಅದರ ಮೇಲೆ ಬ್ಯಾಗ್ ಇಡಬೇಡಿ.

ಗ್ಯಾಸ್ಕೆಟ್ ಅಂದೆವಲ್ಲ, ಅದರೊಳಗಿನ ಅಯಸ್ಕಾಂತದ ಪಟ್ಟಿಗೊಂದು ಕಥೆಯಿದೆ. ಮೊದಲೆಲ್ಲ ಫ್ರಿಜ್ ಬಾಗಿಲಿಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲಕ ಇರುತ್ತಿತ್ತು. ಅಮೆರಿಕದಲ್ಲಿ ಎಸೆದ ಫ್ರಿಜ್‌ಗಳೊಳಗೆ ಆಟಕ್ಕೆ ಅಡಗಿ ಕೂತ ಮಕ್ಕಳು ಹೊರಬರಲಾಗದೆ ಉಸಿರುಕಟ್ಟಿ ಸತ್ತರು. 1956ರಲ್ಲಿ ಅಲ್ಲಿ ರೆಫ್ರಿಜರೇಟರ್ ಸೇಫ್ಟಿ ಆಕ್ಟ್ ಬಂತು. 1958ರ ಅಕ್ಟೋಬರ್ ಕೊನೆಯಿಂದ ತಯಾರಾದ ಮನೆಬಳಕೆಯ ಫ್ರಿಜ್‌ಗಳ ಬಾಗಿಲು ಒಳಗಿನಿಂದ ತಳ್ಳಿದರೆ ತೆರೆಯಲೇಬೇಕಾಯಿತು. ಚಿಲಕ ಹೋಗಿ ಅಯಸ್ಕಾಂತ ನೆಲೆಯೂರಿತು. ಹಾಗಾಗಿ ಕೆಟ್ಟ ಫ್ರಿಜ್ ಗುಜರಿಗೆ ಕೊಡುವವರೆಗೆ ಹೊರಗೆ ಇಡೋದಾದರೆ ಈ ಪಾಠದಲ್ಲಿ ಕಲಿತದ್ದನ್ನ ಮಾಡಿ, ಬಾಗಿಲು ಬಿಚ್ಚಿ ಇಡಿ. ನಮ್ಮ ಬೀದಿಯಲ್ಲಿ ಮಕ್ಕಳು ಕಮ್ಮಿ ಇಲ್ಲ.

ಸಾಗಿಸುವಾಗ ಪೆಟ್ಟಿಗೆ ನಿಂತೇ ಇರಲಿ. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿಯುತ್ತೆ. ಫ್ರಿಜ್‌ನೊಳಗಿನ ಕ್ಯಾಪಿಲರಿ ಕೊಳವೆಯ ಒಳ ರಂಧ್ರ 1 ಮಿ.ಮೀ.ಗಿಂತ ಸಣ್ಣದು, ಅಲ್ಲಿ ಎಣ್ಣೆ ಕಟ್ಟಿಕೊಂಡರೆ ತಂಪು ನಿಂತಿತು.

ಮತ್ತೆ ಹಾಕೋದು, ಕೆಳಗಿನಿಂದ ಮೇಲಕ್ಕೆ

ಮೊದಲು ಪೆಟ್ಟಿಗೆ ಅದರ ಜಾಗದಲ್ಲಿ ಕೂರಬೇಕು. ಮುಂದಿನ ಎರಡು ಕಾಲುಗಳನ್ನ ತಿರುಗಿಸಿ, ಗಾರೆಯವರ ರಸಮಟ್ಟ ಇಟ್ಟು ಎಡ-ಬಲ ಸಮ ಮಾಡಿ. ಮುಂಭಾಗ ಚೂರೇ ಚೂರು ಎತ್ತರ ಇರಲಿ, ಬಾಗಿಲು ತಾನಾಗಿ ಹಿಂದಕ್ಕೆ ಬೀಳುತ್ತೆ. ಒಂದು ಕಾಲು ನೆಲಕ್ಕೆ ತಾಗದೆ ಪೆಟ್ಟಿಗೆ ತಿರುಚಿ ನಿಂತಿದ್ದರೆ ಬಾಗಿಲ ಚೌಕಟ್ಟೂ ತಿರುಚಿರುತ್ತೆ. ಆಗ ಕೀಲನ್ನ ಎಷ್ಟು ಹೊಂದಿಸಿದರೂ ಪ್ರಯೋಜನವಿಲ್ಲ. ಎಷ್ಟೋ ಜನ ಇದನ್ನ ಕೊನೆಗೆ ಮಾಡ್ತಾರೆ. ನಾವೂ ಹಾಗೇ ಮಾಡಿದ್ದೆವು.

ಕೆಳಗಿನ ಕೀಲು, ದೊಡ್ಡ ಬಾಗಿಲು, ನಡುವಿನ ಕೀಲು, ವಾಷರ್ (ಹೌದು, ವಾಷರ್), ಫ್ರೀಜರ್ ಬಾಗಿಲು, ಮೇಲಿನ ಕೀಲು. ಕೆಲವು ಫ್ರಿಜ್‌ಗಳ ದೊಡ್ಡ ಬಾಗಿಲಿನ ತಳದಲ್ಲಿ ಇಳಿಜಾರಿರುವ ಪ್ಲಾಸ್ಟಿಕ್ ತುಂಡೊಂದು ಇರುತ್ತೆ. ತೆರೆದಾಗ ಬಾಗಿಲು ಆ ಇಳಿಜಾರು ಹತ್ತಿ ಸ್ವಲ್ಪ ಮೇಲೇಳುತ್ತೆ, ಬಿಟ್ಟಾಗ ತನ್ನ ಭಾರಕ್ಕೆ ಜಾರಿ ಮುಚ್ಚುತ್ತೆ. ಮೇಲಿನ ತುಂಡು, ಕೆಳಗಿನ ತುಂಡು ಒಂದಕ್ಕೊಂದು ಕೂತಿವೆಯಾ ನೋಡಿ. ಇಲ್ಲದಿದ್ದರೆ ಬಾಗಿಲು ಎತ್ತರದಲ್ಲೇ ನಿಂತುಬಿಡುತ್ತೆ.

ಬೋಲ್ಟುಗಳನ್ನ ಮೊದಲು ಕೈಯಲ್ಲಿ ಬಿಗಿಯಾಗುವಷ್ಟು ಮಾತ್ರ ತಿರುಗಿಸಿ. ಕೀಲು ಪೆನ್ಸಿಲ್ ಗೆರೆಗೆ ಸರಿಯಾಗಿ ಬರಲಿ. ಒಬ್ಬ ಫ್ರೀಜರ್ ಬಾಗಿಲಿನ ಹಿಡಿಕೆಯ ಕಡೆಯನ್ನ ಮೆಲ್ಲಗೆ ಎತ್ತಿ ಹಿಡಿಯಲಿ, ಇನ್ನೊಬ್ಬ ನಾಲ್ಕು ಹೆಜ್ಜೆ ಹಿಂದೆ ನಿಂತು ಎರಡು ಬಾಗಿಲ ನಡುವಿನ ಸಂದಿ ನೋಡಲಿ. ಸಂದಿ ಎರಡೂ ತುದಿಯಲ್ಲಿ ಒಂದೇ ಅಗಲ ಇದ್ದಾಗ ‘ಹಾಂ’ ಅನ್ನಲಿ. ಆಗ ಬಿಗಿಯಿರಿ. ಬಿಗಿಯುವಾಗಲೂ ಕೀಲು ಬೋಲ್ಟಿನ ಜೊತೆ ಸ್ವಲ್ಪ ತಿರುಗುತ್ತೆ, ಹಾಗಾಗಿ ಮತ್ತೊಮ್ಮೆ ನೋಡಿ. ಆಮೇಲೆ ಅರ್ತ್ ವೈರ್, ಕನೆಕ್ಟರ್ (ಟಿಕ್ ಅನ್ನೋ ತನಕ), ಮುಚ್ಚಳ.

ಈಗ ಪರೀಕ್ಷೆ. ಹತ್ತು ರೂಪಾಯಿ ನೋಟನ್ನ ಗ್ಯಾಸ್ಕೆಟ್‌ಗೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸ್ವಲ್ಪ ಹಿಡಿದು ಬರಬೇಕು. ಸುತ್ತಲೂ ಹೀಗೆ ಮಾಡಿ, ಮೂಲೆಗಳಲ್ಲಿ ಎರಡೆರಡು ಸಲ, ಕೀಲಿನ ಕಡೆಯನ್ನೂ ಬಿಡದೆ. ರಾತ್ರಿ ಟಾರ್ಚ್ ಪರೀಕ್ಷೆ. ಗ್ಯಾಸ್ಕೆಟ್ ಎಲ್ಲಾದರೂ ಮಡಚಿ ಕೂತಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಅದರ ಮೇಲೆ ಇಟ್ಟು, ಮೆತ್ತಗಾದ ಮೇಲೆ ಬೆರಳಲ್ಲಿ ಎಳೆದು ಆಕಾರಕ್ಕೆ ತನ್ನಿ.

ಇನ್ನೊಂದು ಪರೀಕ್ಷೆ ಫ್ರಿಜ್ ತಣ್ಣಗಾದ ಮೇಲಿನದು. ಫ್ರೀಜರ್ ಬಾಗಿಲನ್ನ ಅರ್ಧ ನಿಮಿಷ ತೆರೆದು ಮುಚ್ಚಿ, ಹತ್ತು ಎಣಿಸಿ ಮತ್ತೆ ತೆಗೆಯಲು ಹೋಗಿ. ಬಾಗಿಲು ‘ಬರಲ್ಲ’ ಅಂತ ಹಿಡಿದುಕೊಳ್ಳಬೇಕು. ಒಳಗೆ ನುಗ್ಗಿದ ಬಿಸಿ ಗಾಳಿ ತಣ್ಣಗಾಗಿ ಒತ್ತಡ ಕುಗ್ಗುತ್ತೆ, ಹೊರಗಿನ ಗಾಳಿ ಬಾಗಿಲನ್ನ ಒತ್ತುತ್ತೆ. 303 ಕೆಲ್ವಿನ್‌ನ ಗಾಳಿ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ 278ಕ್ಕೆ ಇಳಿದರೆ ಒತ್ತಡ ನೂರಕ್ಕೆ ಎಂಟರಷ್ಟು ಕಮ್ಮಿಯಾಗಬೇಕು. ಕಾಲು ಚದರ ಮೀಟರ್ ಬಾಗಿಲಿಗೆ ಅದು ಇನ್ನೂರು ಕೆ.ಜಿ. ಭಾರ! ನಿಜದಲ್ಲಿ ಅಷ್ಟು ಯಾಕೆ ಆಗಲ್ಲ, ಗಾಳಿ ಎಲ್ಲಿಂದ ನುಸುಳುತ್ತೆ ಅನ್ನೋದನ್ನ ಥರ್ಮೋ ಕ್ಲಾಸಿನಲ್ಲಿ ಕೇಳಿ ನೋಡಿ. ಹಿಡಿತವೇ ಇಲ್ಲ, ಬಾಗಿಲು ಸಲೀಸಾಗಿ ತೆರೆಯುತ್ತೆ ಅಂದರೆ ಮತ್ತೆ ನೋಟು ಹಿಡಿದು ಸಂದಿ ಹುಡುಕಿ.

ಪ್ಲಗ್ ಹಾಕೋ ಆತುರ ಬೇಡ. ನಿಲ್ಲಿಸಿಯೇ ತಂದಿದ್ದರೆ ಎರಡು ಮೂರು ಗಂಟೆ ಬಿಡಿ. ಮಲಗಿಸಿ ತಂದಿದ್ದರೆ ಮಲಗಿದ್ದಷ್ಟು ಹೊತ್ತಾದರೂ ನಿಲ್ಲಿಸಿಡಿ, ಒಂದು ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು. ಹಚ್ಚಿದ ಮೇಲೆ ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಅದ್ದಿ ನಡುವಿನ ತಟ್ಟೆಯಲ್ಲಿಡಿ. ಬಾಗಿಲು ತೆಗೆದಾಗಲೆಲ್ಲ ಗಾಳಿಯ ತಾಪ ಕುಣಿಯುತ್ತೆ, ನೀರಿನದು ಹಾಗೆ ಕುಣಿಯಲ್ಲ.

ಎರಡನೇ ಸಲ ನಾವು ಇಷ್ಟನ್ನೂ ಮಾಡೋಕೆ ಮೂರು ಗಂಟೆ ತಗೊಂಡೆವು. ಸುರುಳಿಯ ಹಿಮ ಕರಗಲಿ ಅಂತ ಅದಕ್ಕೂ ಮೊದಲು ಒಂದಿಡೀ ದಿನ ಬಾಗಿಲು ತೆರೆದಿಟ್ಟಿದ್ದೆವು. ಮರುದಿನ ಬೆಳಿಗ್ಗೆ ಲೋಟದ ನೀರು 5 ಡಿಗ್ರಿ, ಸಂಜೆಯೂ 5. ಮೂರನೇ ದಿನ ಪಕ್ಕದ ಮನೆಯಿಂದ ಇನ್ಸುಲಿನ್ ಡಬ್ಬಿ ವಾಪಸ್ ಬಂತು. ಥರ್ಮಾಮೀಟರ್ ಇನ್ನೂ ಫ್ರಿಜ್‌ನಲ್ಲೇ ಇದೆ, ತೆಗೆಯೋಕೆ ಅವನು ಬಿಡ್ತಿಲ್ಲ.

ಈ ಜೂನ್‌ನಲ್ಲಿ ನಾವು ಮತ್ತೆ ಮನೆ ಬದಲಿಸ್ತೀವಿ. ಸಾಕೆಟ್ ಸೆಟ್, ರಸಮಟ್ಟ ಸಂಘದ ಕೋಣೆಯ ಬೀರುವಿನಲ್ಲಿವೆ, ಬೇಕಾದವರು ರಿಜಿಸ್ಟರ್‌ನಲ್ಲಿ ಬರೆದು ತಗೊಳ್ಳಿ. ಪೆನ್ಸಿಲ್ ನೀವೇ ತನ್ನಿ.